ಹೂಂ ಅನ್ನದ ಸಭೆ

ಗ್ರಂಥಾಲಯದ ಕಬ್ಬಿಣದ ಕುರ್ಚಿಗಳ ಕಾಲಿಗೆ ರಬ್ಬರ್ ಬುಷ್ ಹಾಕಿಸಿದವಳು ನಾನೇ. ಕಥೆ ಕೇಳಲು ಬಂದವರು ಕುರ್ಚಿ ಎಳೆದಾಗ ಕಿರ್ರೆನ್ನುವ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು, ಅದೊಂದು ಕಾರಣ. ಇನ್ನೊಂದು ಕಾರಣ ಭಯ. ಗಲಾಟೆಯ ಬಗ್ಗೆ ಮತ್ತೊಂದು ದೂರು ಬಂದರೆ ಕಥೆಯ ಸಂಜೆಗಳನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ ಎಂದು ಗ್ರಂಥಪಾಲಕರು ಹೇಳಿಬಿಟ್ಟಿದ್ದರು. ಹೇಳುವಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದರು. ಜೋರು ಮಾಡುವವರನ್ನು ನಾನು ಸುಧಾರಿಸಬಲ್ಲೆ. ಹೀಗೆ ಮೆತ್ತಗೆ ಹೇಳುವವರ ಮುಂದೆ ನನ್ನ ಆಟ ನಡೆಯುವುದಿಲ್ಲ.

ಗಂಗಾನಗರದ ನಮ್ಮ ಮನೆಯಿಂದ ಆರ್.ಟಿ. ನಗರದ ಕಡೆಗೆ ನಡೆದರೆ, ಬೇಕರಿಯನ್ನೂ ಔಷಧಿ ಅಂಗಡಿಯನ್ನೂ ದಾಟಿದ ಮೇಲೆ ಸಾರ್ವಜನಿಕ ಗ್ರಂಥಾಲಯದ ಒಂದು ಸಣ್ಣ ಶಾಖೆ ಸಿಗುತ್ತದೆ. ಇರುವುದು ಒಂದೇ ಹಾಲ್. ನಡುವೆ ಪುಸ್ತಕದ ಸ್ಟೀಲ್ ಬೀರುಗಳನ್ನು ಸಾಲಾಗಿ ನಿಲ್ಲಿಸಿ ಅದನ್ನೇ ಎರಡು ಮಾಡಿದ್ದಾರೆ. ಈಚೆ ದಿನಪತ್ರಿಕೆ ಓದುವ ಹಿರಿಯರು, ಆಚೆ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು. ಬೀರುಗಳ ತಲೆಯಿಂದ ತಾರಸಿಯವರೆಗೆ ಬರೀ ಗಾಳಿ. ಈಚೆ ಕೆಮ್ಮಿದರೆ ಅದು ಒಣಕೆಮ್ಮೋ ಕಫವೋ ಎಂಬುದು ಆಚೆಯವರಿಗೂ ಗೊತ್ತಾಗುತ್ತದೆ.

ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕೂತು ನಿವೃತ್ತಳಾದವಳು. ಹೊರಗಿನಿಂದ ಬಂದ ಕರೆಯನ್ನು ಒಳಗಿನವರಿಗೆ ಕೊಡುವುದು, ಒಳಗಿನವರಿಗೆ ಹೊರಗಿನ ಲೈನ್ ಹಿಡಿದುಕೊಡುವುದು, ಇಷ್ಟೇ ಕೆಲಸ. ಆದರೆ ಇಡೀ ದಿನ ಕಿವಿಯಲ್ಲಿ ಜನ ಇರುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಕ್ಕರ್ ಕೂಗುವುದು ಬಿಟ್ಟರೆ ನನ್ನನ್ನು ಕರೆಯುವವರೇ ಇಲ್ಲ. ತಲೆ ಕೆಟ್ಟುಹೋಯಿತು. ಪತ್ರಿಕೆ ಓದುವ ನೆಪ ಮಾಡಿಕೊಂಡು ಗ್ರಂಥಾಲಯಕ್ಕೆ ಹೋಗತೊಡಗಿದೆ. ಅಲ್ಲಿ ನೋಡಿದರೆ ಎಲ್ಲರದೂ ಅದೇ ಕಥೆ. ಒಳಗೆ ತೆಪ್ಪಗೆ ಪುಟ ತಿರುವುವ ಮಂದಿ, ಹೊರಗೆ ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಅರ್ಧ ಗಂಟೆ ಮಾತಾಡುತ್ತಾ ನಿಲ್ಲುತ್ತಿದ್ದರು.

ಅದನ್ನು ನೋಡಿಯೇ ನನಗೆ ಹೊಳೆದದ್ದು. ತಿಂಗಳಿಗೊಂದು ಶನಿವಾರ ಸಂಜೆ ಎಲ್ಲರೂ ಕೂಡಿ ಕಥೆ ಹೇಳುವುದು. ಪುಸ್ತಕ ನೋಡಿ ಓದುವ ಹಾಗಿಲ್ಲ, ಬರೆದುಕೊಂಡು ಬರುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ನಡೆದದ್ದೂ ಆಗಬಹುದು, ಕೇಳಿದ್ದೂ ಆಗಬಹುದು, ಕಟ್ಟಿದ್ದೂ ಆಗಬಹುದು. ಗ್ರಂಥಪಾಲಕರು "ಮೇಲಿನವರನ್ನ ಒಂದ್ ಮಾತು ಕೇಳ್ಬೇಕು ಮೇಡಂ" ಎಂದರು. ಕೇಳಿದರೋ ಬಿಟ್ಟರೋ ಗೊತ್ತಿಲ್ಲ, ಮುಂದಿನ ವಾರ ಒಪ್ಪಿಕೊಂಡರು.

ಮೊದಮೊದಲು ಎಂಥ ಗದ್ದಲ ಅಂತೀರಿ. ಆರ್.ಟಿ. ನಗರದಲ್ಲಿ ಆಟೋ ಬಿಡಿಭಾಗಗಳ ಅಂಗಡಿ ಇಟ್ಟಿರುವ ಒಬ್ಬರು ಹಿರಿಯರಿದ್ದಾರೆ, ಎಲ್ಲರೂ ಅವರನ್ನು ಚಾಚಾ ಎನ್ನುತ್ತೇವೆ. ಅವರ ಮನೆಮಾತು ದಖನಿ ಉರ್ದು, ಕಥೆ ಹೇಳುವುದು ಕನ್ನಡದಲ್ಲಿ. ಕಥೆಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಮಾತ್ರ ಭಾಷೆ ತಾನಾಗಿ ದಖನಿಗೆ ಹೊರಳುತ್ತದೆ. ಅವರು ನಕ್ಕರೆ ಕರೆಂಟ್ ಇಲ್ಲದಿದ್ದರೂ ಫ್ಯಾನ್ ತಿರುಗುತ್ತದೆ ಎಂದು ನಾನು ರೇಗಿಸುತ್ತಿದ್ದೆ. "ನಿಮ್ ಬೈಗುಳಕ್ಕೆ ಟ್ಯೂಬ್‌ಲೈಟೂ ಹತ್ತುತ್ತೆ ಬಿಡಿ ಮೇಡಂ" ಎಂದು ಅವರು ತಿರುಗಿ ಕೊಡುತ್ತಿದ್ದರು. ನಗು, ಚಪ್ಪಾಳೆ, ನಡುವೆ ಬಾಯಿ ಹಾಕಿ "ಹಂಗಲ್ಲ, ಹಿಂಗಿರ್ಬೇಕು" ಎನ್ನುವವರು, ಎಲ್ಲವೂ ಇತ್ತು.

ದೂರು ಕೊಟ್ಟವಳು ಬೀರುಗಳ ಆಚೆ ಓದುತ್ತಿದ್ದ ಒಬ್ಬ ಹುಡುಗಿ. ತುಮಕೂರು ರಸ್ತೆಯ ಮಾಕಳಿಯಿಂದ ಬಸ್ ಬದಲಿಸಿ ಬದಲಿಸಿ ಬರುತ್ತಿದ್ದಳು. ಬೆಳಿಗ್ಗೆ ಇಲ್ಲೇ ಹತ್ತಿರದಲ್ಲಿ ಕೋಚಿಂಗ್, ಆಮೇಲೆ ಸಂಜೆಯವರೆಗೆ ಗ್ರಂಥಾಲಯ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುತ್ತಿದ್ದಳು. ವಿಷಯ ಗೊತ್ತಾದ ಕೂಡಲೇ ನಾನು ಜಗಳಕ್ಕೆ ಹೊರಟೆ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ.

"ಅಲ್ಲಮ್ಮ, ತಿಂಗಳಿಗೆ ಒಂದೇ ಒಂದು ಸಂಜೆ. ಅಷ್ಟೂ ತಡ್ಕೊಳಕ್ಕಾಗಲ್ವಾ ನಿನಗೆ?" ಎಂದೆ.

ಅವಳು ಎದ್ದು ನಿಂತಳು. ಹೆದರಲಿಲ್ಲ, ಎದುರಾಡಿದಂತೆಯೂ ಇರಲಿಲ್ಲ. "ಮನೇಲಿ ಕೂತ್ಕಳಕ್ಕೆ ಜಾಗ ಇಲ್ಲ ಮೇಡಂ. ಇಲ್ಲೂ ಇಂಗೇ ಆದ್ರೆ ನಾವೆಲ್ಲೋಗಣ? ನೀವೆಲ್ಲ ಕೆಲ್ಸ ಮುಗ್ಸ್ಕೊಂಡು ಬಂದಿರೋರು. ನಂಗಿನ್ನೂ ಕೆಲ್ಸನೇ ಸಿಕ್ಕಿಲ್ಲ" ಎಂದಳು.

ಮುಖ ಗಂಟು ಹಾಕಿಕೊಂಡು ವಾಪಸ್ ಬಂದೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ಗ್ರಂಥಪಾಲಕರು ಒಂದು ದಾರಿ ಹುಡುಕಿದರು. ಕಥೆ ನಡೆಯಲಿ, ಆದರೆ ಕೇಳುವುದು ಒಂದೇ ದನಿ, ಹೇಳುವವರದು. ಉಳಿದವರು ಉಸಿರೆತ್ತಬಾರದು. ಒಪ್ಪಿಕೊಂಡ ಮೇಲೆ ಅದನ್ನು ನಡೆಸುವ ಹೊಣೆ ನನ್ನದಾಯಿತು, ನಡೆಸಿಯೂ ಬಿಟ್ಟೆ. ಕುರ್ಚಿಗೆ ಬುಷ್ ಬಂತು. ಚಪ್ಪಾಳೆ ಹೋಗಿ ಕೈಯೆತ್ತಿ ಅಲ್ಲಾಡಿಸುವುದು ಬಂತು. ಯಾರಾದರೂ ಬಾಯಿ ತೆರೆದರೆ ನಾನು ತಿರುಗಿ ನೋಡುತ್ತಿದ್ದೆ, ಅಷ್ಟು ಸಾಕಾಗಿತ್ತು. ಚಾಚಾ ದೊಡ್ಡದೊಂದು ಕರ್ಚೀಫ್ ತಂದು, ನಗು ಬಂದಾಗ ಬಾಯಿಗೆ ತುರುಕಿಕೊಂಡು ಹೆಗಲು ಕುಣಿಸುತ್ತಿದ್ದರು. ಒಮ್ಮೆ ನನ್ನ ಕಿವಿಯ ಹತ್ತಿರ ಬಗ್ಗಿ "ಮೇಡಂ, ಇದಕ್ಕೆ ನಗ್ಬಹುದಾ?" ಎಂದು ಕೇಳಿದರು. "ಮನೆಗ್ ಹೋಗಿ ನಗಿ" ಎಂದೆ.

ಆಮೇಲೆ ಒಂದೇ ಒಂದು ದೂರು ಬರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ಇಂಥ ಶಿಸ್ತಿನ ಕೇಳುಗರು ಯಲಹಂಕದಿಂದ ಮೆಜೆಸ್ಟಿಕ್‌ವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ. ಒಂದು ವಿಷಯ ಮಾತ್ರ ಗಮನಕ್ಕೆ ಬಂದಿತ್ತು. ಕಥೆಗಳು ಗಿಡ್ಡವಾಗುತ್ತಿದ್ದವು. ಮೊದಲು ಒಬ್ಬೊಬ್ಬರನ್ನು ನಿಲ್ಲಿಸಲು ಹರಸಾಹಸ ಪಡುತ್ತಿದ್ದೆ. ಈಗ ಎದ್ದು ನಿಂತವರು ಬಸ್‌ಸ್ಟ್ಯಾಂಡಿನ ಪ್ರಕಟಣೆಯ ಹಾಗೆ ಗಡಗಡನೆ ಹೇಳಿ ಕೂತುಬಿಡುತ್ತಿದ್ದರು. ಶಿಸ್ತು ಬಂದ ಮೇಲೆ ಎಳೆದಾಟ ಕಡಿಮೆಯಾಯಿತು ಎಂದು ನಾನು ಅರ್ಥ ಮಾಡಿಕೊಂಡೆ. ಬೇರೆ ಕಾರಣ ಇರಬಹುದೆಂದು ಯೋಚಿಸಲೂ ಇಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಗದಗದ ಕಡೆಯ ಒಬ್ಬ ಹೆಂಗಸು ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹೆಬ್ಬಾಳದ ಆಫೀಸುಗಳಲ್ಲಿ, ಕಾಲೇಜುಗಳಲ್ಲಿ ಕೆಲಸ ಮಾಡುವ ಆ ಕಡೆಯ ಮಂದಿಯೆಲ್ಲ ಸಂಜೆ ಆಕೆಯ ಬಾಗಿಲ ಮುಂದೆ ನಿಂತಿರುತ್ತಾರೆ. ಆಕೆಯ ದನಿ ಎಂಥದು ಅಂದರೆ, ಅಲ್ಲಿ ನಿಂತು "ಅಕ್ಕಾರ, ರೊಟ್ಟಿ ಬೇಕೇನ್ರಿ" ಎಂದರೆ ಇಲ್ಲಿ ನನ್ನ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತದೆ. ಕಿರುಚು ದನಿಯಲ್ಲ, ತುಂಬಿದ ದನಿ. ವರ್ಷಗಟ್ಟಲೆ ದನಿಗಳನ್ನೇ ಕೇಳಿದವಳು ನಾನು, ಅಂಥದ್ದು ಬೋರ್ಡಿಗೆ ಬಂದರೆ ಲೈನ್ ಕೊಡಲು ಮನಸ್ಸಾಗದೆ ಒಂದು ಕ್ಷಣ ಹಿಡಿದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಆಕೆ ನಮ್ಮ ಮನೆಗೇ ಬಂದಳು. ಸೆರಗು ಕುತ್ತಿಗೆಗೆ ಸುತ್ತಿಕೊಂಡಿದ್ದಳು. ಕೂತವಳು ನೀರು ಕುಡಿದು ಕೇಳಿದಳು.

"ಅಕ್ಕಾರ, ನಿಮ್ಮ ಲೈಬ್ರರಿಯಾಗ ಕಥಿ ಹೇಳಾಕ ಯಾರ್ ಬೇಕಾದ್ರೂ ಬರಬಹುದೇನ್ರಿ?"

"ಬನ್ನಿ, ಅದಕ್ಕೇನು" ಎಂದೆ.

ಆಕೆ ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. ನಿಂಬೆಹಣ್ಣಿನ ಗಾತ್ರದ ಗಂಟು. "ಇದನ್ನ ತಗೀಬೇಕಂತ್ರಿ. ದನಿ ನರ ಇದರ ಮಗ್ಗಲದಾಗ ಐತಂತ. ಉಳಿದ್ರ ಉಳೀತು, ಹೋದ್ರ ಹೋತು, ಮೊದಲ ಹೇಳಾಕ ಬರೂದುಲ್ಲ ಅಂದ್ರು ಡಾಕ್ಟರು." ಹಿಟ್ಟು ತೀರೈತಿ, ನಾಳಿ ಬರ್ರಿ ಎಂದು ಗಿರಾಕಿಗೆ ಹೇಳುವಾಗಿನ ದನಿಯಲ್ಲೇ ಇದನ್ನೂ ಹೇಳಿದಳು. ಆಪರೇಷನ್ ನಮ್ಮ ಕಥೆಯ ಶನಿವಾರ ಕಳೆದು ಮುಂದಿನ ಬುಧವಾರಕ್ಕೆ ನಿಗದಿಯಾಗಿತ್ತು.

ಆಮೇಲೆ ವಿಷಯಕ್ಕೆ ಬಂದಳು. ಹುಬ್ಬಳ್ಳಿಯಲ್ಲಿರುವ ಮಗಳು ಬಸುರಿ. "ಹುಟ್ಟೂ ಕೂಸಿಗೆ ನಮ್ಮವ್ವ ಹೇಳತಿದ್ದ ಎಮ್ಮಿ ಕಥಿ ನನ್ನ ದನಿಯಾಗ ಇರ್ಬೇಕ್ರಿ. ನಮ್ಮವ್ವನ ಕಥಿ ಪೂರಾ ನೆನಪೈತಿ. ದನಿ ನೆನಪಿಲ್ಲ. ಎಷ್ಟ್ ನೆನಸ್ಕೊಂಡ್ರೂ ಬರವಲ್ತು." ಈಗ ಮಾತ್ರ ದನಿ ಸ್ವಲ್ಪ ಅಲುಗಿತು.

"ಅದಕ್ಕೆ ಶನಿವಾರದವರೆಗೆ ಯಾಕೆ ಕಾಯ್ಬೇಕು? ಫೋನಲ್ಲಿ ಮನೇಲೇ ರೆಕಾರ್ಡ್ ಮಾಡ್ಕೊಳಿ" ಎಂದೆ. ನನಗೆ ಎಲ್ಲದಕ್ಕೂ ಉಪಾಯ ಹೇಳುವ ಚಟ.

"ಮಾಡಿ ನೋಡೀನ್ರಿ. ಒಬ್ಬಾಕೀನ ಕುಂತ್ರ ಕಥಿ ಮುಂದ ಹೋಗೂದುಲ್ಲ. ನಮ್ಮ ಮನಿಯವರ್ನ ಕುಂಡ್ರಿಸಿಕೊಂಡೆ, ಎರಡು ಮಾತಿಗೆ ಗೊರಕಿ ಹೊಡದ್ರು. ಅಲ್ಲಿಗೆ ನಿಂತ್ ಹೋತು."

ನಾನು ನಕ್ಕೆ. ಅಭ್ಯಾಸವಿಲ್ಲ, ಸಂಕೋಚ ಪಡುತ್ತಿದ್ದಾಳೆ ಎಂದುಕೊಂಡೆ. ಧೈರ್ಯ ಹೇಳಿದೆ. "ನಮ್ಮಲ್ಲಿ ಒಂದು ಚೂರೂ ಹೆದರ್ಕೋಬೇಡಿ. ನೀವು ಹೇಳುವಾಗ ಯಾರೂ ಒಂದು ಸದ್ದೂ ಮಾಡಲ್ಲ. ಅಷ್ಟು ಚೆನ್ನಾಗಿ ಕೇಳ್ತಾರೆ."

ಆಕೆ ನನ್ನ ಮುಖವನ್ನೇ ನೋಡಿದಳು. "ಹೌದೇನ್ರಿ" ಎಂದಳು, ಅಷ್ಟೇ.

ಆ ಶನಿವಾರ ಆಕೆ ಇಳಕಲ್ ಸೀರೆ ಉಟ್ಟು ಬಂದಳು. ಮುಂದಿನ ಸಾಲಿನಲ್ಲಿ ಚಾಚಾ, ಪಕ್ಕದಲ್ಲಿ ಪತ್ರಿಕೆ ಓದುವ ಬಳಗ. ಬಾಗಿಲ ಹತ್ತಿರ ಗ್ರಂಥಪಾಲಕರು ನಿಂತಿದ್ದರು. ಪರೀಕ್ಷೆಗಳು ಹತ್ತಿರ ಬಂದಿದ್ದರಿಂದ ಬೀರುಗಳ ಆಚೆ ಕುರ್ಚಿಗಳೆಲ್ಲ ತುಂಬಿದ್ದವು. ನಾನು ಬರುವಾಗಲೇ ಗ್ರಂಥಪಾಲಕರು ಹೇಳಿದ್ದರು, "ಇವತ್ತು ಸ್ವಲ್ಪ ನೋಡ್ಕೊಳಿ ಮೇಡಂ." ನಾನು ಎಲ್ಲರತ್ತ ಒಮ್ಮೆ ಕಣ್ಣು ಹಾಯಿಸಿದೆ. ಎಲ್ಲರ ಬಾಯಿಗೂ ಬೀಗ ಬಿತ್ತು. ಎರಡು ದಪ್ಪ ನಿಘಂಟುಗಳ ಮೇಲೆ ನನ್ನ ಫೋನ್ ಇಟ್ಟು, ರೆಕಾರ್ಡಿಂಗ್ ಶುರು ಮಾಡಿ, ಹೇಳಿ ಎಂದು ಆಕೆಗೆ ಸನ್ನೆ ಮಾಡಿದೆ.

"ಒಂದೂರಾಗ ಒಬ್ಬಾಕಿ ಮುದುಕಿ ಇದ್ಲು" ಎಂದಳು. ಎಂದು ನಿಲ್ಲಿಸಿದಳು. ಗದ್ದ ಸ್ವಲ್ಪ ಮೇಲೆತ್ತಿ ಕಾದಳು.

"ಆಕಿಗೊಂದು ಎಮ್ಮಿ ಇತ್ತು." ಮತ್ತೆ ನಿಲ್ಲಿಸಿದಳು. ಮುಂದಿನ ಸಾಲಿನವರ ಮುಖ ಒಂದೊಂದಾಗಿ ನೋಡಿದಳು.

"ಆ ಎಮ್ಮಿ ದಿನಾ ರಾತ್ರಿ ಹಗ್ಗ ಹರಕೊಂಡು, ಊರ ಗೌಡನ ಕನಸಿನಾಗ ಹೋಗಿ ಮೇಯತಿತ್ತು."

ಚಾಚಾರ ಕರ್ಚೀಫ್ ಬಾಯಿಗೆ ಹೋಯಿತು, ಹೆಗಲು ಕುಣಿಯಿತು. ಸದ್ದಿಲ್ಲ. ಎಲ್ಲರ ಕಣ್ಣುಗಳಲ್ಲೂ ನಗು ಇತ್ತು. ಆದರೆ ಆಕೆ ಕಾಯುತ್ತಿದ್ದದ್ದು ಕಣ್ಣಿಗಲ್ಲ. ಮುಂದಿನ ಮಾತು ತಗ್ಗಿದ ದನಿಯಲ್ಲಿ ಬಂತು, ಅದರ ಮುಂದಿನದು ಇನ್ನೂ ತಗ್ಗಿತು. "ಗೌಡ ಮುಂಜಾನಿ ಎದ್ದು..." ಎಂದವಳು ಅಲ್ಲೇ ನಿಂತಳು. ಕೈ ಗಂಟಿನ ಮೇಲೆ ಹೋಯಿತು. ಮುಖ ಬಿಳಿಚಿಕೊಂಡಿತು.

"ಯಾಕ್ರಿ, ನನ್ನ ದನಿ ಕೇಳಾಕತ್ತೈತೇನ್ರಿ?" ಎಂದಳು.

ಆಪರೇಷನ್ನಿಗೆ ಮೊದಲೇ ದನಿ ಹೋಯಿತು, ತಾನು ಹೇಳುತ್ತಿರುವುದು ಯಾರಿಗೂ ತಲುಪುತ್ತಿಲ್ಲ ಎಂದುಕೊಂಡಿದ್ದಳು ಆಕೆ. ನಾವೋ, ಎಲ್ಲರೂ ಜೋರಾಗಿ ತಲೆಯಾಡಿಸಿದೆವು. ಸಭೆಗೆ ಸಭೆಯೇ ಗೋಣು ಹಾಕುತ್ತಿತ್ತು, ಒಂದು ಬಾಯಿಂದಲೂ ಮಾತು ಹೊರಡುತ್ತಿರಲಿಲ್ಲ. ಅದನ್ನು ನೋಡಿ ಆಕೆ ಇನ್ನಷ್ಟು ಹೆದರಿದಳು.

ಆಗ ನನಗೆ ತಿಳಿಯಿತು. ಒಬ್ಬಾಕೀನ ಕುಂತ್ರ ಕಥಿ ಮುಂದ ಹೋಗೂದುಲ್ಲ ಎಂದರೆ ಏನು ಎಂದು. ಹೂಂ ಅನ್ನುವವರು ಬೇಕಿತ್ತು. ಹೇಳುವವರು ಒಂದು ಮಾತು ಹೇಳಬೇಕು, ಕೇಳುವವರು ಹೂಂ ಅನ್ನಬೇಕು, ಆಮೇಲೆ ಇನ್ನೊಂದು ಮಾತು. ಹೂಂ ನಿಂತರೆ ಕಥೆಯೂ ನಿಂತಿತು. ಚಿಕ್ಕಂದಿನಲ್ಲಿ ಹಾಗೇ ಅಲ್ಲವೇ ನಾವೆಲ್ಲ ಕಥೆ ಕೇಳಿದ್ದು? ಇಡೀ ಜೀವಮಾನ ಟೆಲಿಫೋನ್ ಹಿಡಿದು ಕೂತಿದ್ದವಳಿಗೆ ಇದು ತಿಳಿಯದ್ದೇ ಆಗಿರಲಿಲ್ಲ. ಆಚೆಯವರು ಎರಡು ಕ್ಷಣ ಹೂಂ ಅನ್ನದಿದ್ದರೆ "ಹಲೋ, ಹಲೋ, ಲೈನಲ್ಲಿದ್ದೀರಾ" ಎಂದು ಕೂಗದವರು ಯಾರಿದ್ದಾರೆ? ತಿಂಗಳುಗಟ್ಟಲೆ ನಮ್ಮ ಕಥೆಗಳು ಗಿಡ್ಡವಾಗುತ್ತಾ ಬಂದದ್ದೂ ಇದಕ್ಕೇ. ಲೈನ್ ಕಟ್ಟಾಗಿದೆ ಎಂದುಕೊಂಡು ಎಲ್ಲರೂ ಬೇಗಬೇಗ ಇಟ್ಟುಬಿಡುತ್ತಿದ್ದರು.

ತಿಳಿದೂ ಬಾಯಿ ಬರಲಿಲ್ಲ. ನಾನೊಬ್ಬಳು ಹೂಂ ಅಂದರೆ ಚಾಚಾ ಅನ್ನುತ್ತಾರೆ, ಆಮೇಲೆ ಎಲ್ಲರೂ ಅನ್ನುತ್ತಾರೆ, ಕಥೆ ಮುಗಿಯುವವರೆಗೂ ನಿಲ್ಲುವುದಿಲ್ಲ. ಬೀರುಗಳ ಆಚೆಯಿಂದ ದೂರು ಬಂದೇ ಬರುತ್ತದೆ. ಈ ಸಂಜೆ ಇಲ್ಲದೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವ ಮುಖಗಳು ನನ್ನ ಮುಂದೆಯೇ ಇದ್ದವು, ಅದರಲ್ಲಿ ನನ್ನದೂ ಒಂದು. ಗ್ರಂಥಪಾಲಕರು ಕನ್ನಡಕ ತೆಗೆದು ಒರೆಸತೊಡಗಿದ್ದರು. ಆಕೆ ಸೆರಗು ಸರಿಮಾಡಿಕೊಂಡು ಕೂರಲು ತಿರುಗಿದಳು. ಬುಧವಾರಕ್ಕೆ ಮೊದಲು ಇನ್ನೊಂದು ಸಂಜೆ ಇರಲಿಲ್ಲ.

"ಊಂ."

ಬೀರುಗಳ ಆಚೆಯಿಂದ ಬಂತು. ಹೂಂ ಅಲ್ಲ, ಊಂ. ಮಾಕಳಿಯ ಹುಡುಗಿ. ದೊಡ್ಡದಾಗಿಯೂ ಅಲ್ಲ, ಸಣ್ಣದಾಗಿಯೂ ಅಲ್ಲ, ಅಡುಗೆಮನೆಯಲ್ಲಿ ಪಕ್ಕಕ್ಕೆ ಕೂತವರು ಅನ್ನುವ ಹಾಗೆ.

ರೊಟ್ಟಿಯಾಕೆ ತಿರುಗಿದಳು. ಆ ಕಡೆಗೆ, ಸಾಲಾಗಿ ನಿಂತ ಸ್ಟೀಲ್ ಬೀರುಗಳತ್ತ ನೋಡುತ್ತಾ, ನಿಧಾನವಾಗಿ ಹೇಳಿದಳು. "ಗೌಡ ಮುಂಜಾನಿ ಎದ್ದು ನೋಡ್ತಾನ, ಕನಸಿನಾಗ ಬೆಳದಿದ್ದ ಜ್ವಾಳ ಎಲ್ಲಾ ಖಾಲಿ."

"ಊಂ" ಎಂದಿತು ಬೀರು. ಈಗ ಚಾಚಾ ಕರ್ಚೀಫ್ ಕೆಳಗಿಟ್ಟರು. "ಹಾಂ, ಫಿರ್?" ಎಂದರು, ಎಂದು ನನ್ನ ಕಡೆ ನೋಡಿದರು. ನಾನು "ಹೂಂ" ಎಂದೆ.

ಆಮೇಲೆ ಕಥೆಯನ್ನು ಹಿಡಿಯುವವರೇ ಇರಲಿಲ್ಲ. ಗೌಡ ಪಂಚಾಯ್ತಿ ಸೇರಿಸಿದ. ಎಮ್ಮೆಯನ್ನು ಹಿಡಿದು ತರುತ್ತೇನೆಂದು ಮುದುಕಿ ಹಗ್ಗ ಹಿಡಿದು ಗೌಡನ ಕನಸಿನೊಳಕ್ಕೆ ಹೊಕ್ಕಳು. ಈಗ ಗೌಡ ಎಚ್ಚರಾದರೆ ಮುದುಕಿ ಒಳಗೇ ಉಳಿದುಬಿಡುತ್ತಾಳಲ್ಲ, ಅದಕ್ಕೆ ಊರಿಗೆ ಊರೇ ತುದಿಗಾಲಲ್ಲಿ ನಡೆಯಿತು. ಗಾಡಿಯ ಗಾಲಿಗೆ ಅರಿವೆ ಸುತ್ತಿದರು, ಕೋಳಿಯ ಕೊಕ್ಕಿಗೆ ದಾರ ಕಟ್ಟಿದರು. ಇದನ್ನು ಹೇಳುವಾಗ ಆಕೆಯ ಕಣ್ಣು ನನ್ನ ಕುರ್ಚಿಯ ರಬ್ಬರ್ ಬುಷ್‌ಗಳ ಮೇಲೆ ಬಿತ್ತೋ, ಚಾಚಾರ ಕರ್ಚೀಫಿನ ಮೇಲೆ ಬಿತ್ತೋ, ಹೇಳುತ್ತಾ ಹೇಳುತ್ತಾ ತಾನೇ ನಕ್ಕಳು. ಹಾಲ್ ಪೂರ್ತಿ ನಕ್ಕಿತು. ಬೀರುಗಳ ಆಚೆಯೂ ನಕ್ಕರು, ಅಲ್ಲಿಂದ ಈಗ ಒಂದಲ್ಲ, ಹತ್ತಾರು ಹೂಂ ಬರುತ್ತಿದ್ದವು. ಕೊನೆಗೆ ಗೌಡ ಒಂದು ದೊಡ್ಡ ಆಕಳಿಕೆ ತೆಗೆದಾಗ, ತೆರೆದ ಬಾಯಿಂದ ಮುದುಕಿ ಎಮ್ಮೆ ಹತ್ತಿಕೊಂಡು ಹೊರಗೆ ಬಂದಳು. ಎಮ್ಮೆ ಹಾದುಬಂದ ಗುರುತಿಗೆ ಗೌಡನ ಮೀಸೆಯ ಮೇಲೆ ಹಾಲಿನ ನೊರೆ ಉಳಿದಿತ್ತು. ಗ್ರಂಥಪಾಲಕರು ಯಾವಾಗಲೋ ಕುರ್ಚಿ ಎಳೆದುಕೊಂಡು ಕೂತಿದ್ದರು.

ಮುಗಿದ ಮೇಲೆ ನಾನು ಬೀರುಗಳ ಆಚೆಗೆ ಹೋದೆ. ಹುಡುಗಿ ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು.

"ಯಾಕಮ್ಮ ಊಂ ಅಂದೆ?" ಎಂದು ಕೇಳಿದೆ. ಬೈಯಲು ಬಂದಿದ್ದೇನೆ ಎಂದುಕೊಂಡಳೇನೋ, ತಲೆಯೆತ್ತಿ ಗಡಬಡಿಸಿದಳು.

"ನಮ್ಮಜ್ಜಿನೂ ಅಂಗೇ ಮೇಡಂ. ಊಂ ಅನ್ನದಿದ್ರೆ ಮಗ್ಗುಲಾಗಿ ಮಲ್ಗ್‌ಬುಡೋದು. ಅವ್ರು ಅಂಗೆ ಅರ್ಧಕ್ಕೆ ನಿಲ್ಸ್‌ಬುಟ್ರೆ ನಾನು ಎಂಗೆ ಓದ್ಲಿ? ಎಮ್ಮೆ ಏನಾಯ್ತು ಅಂತ ತಲೆ ಕೊರೀತಿರ್ತದೆ" ಎಂದಳು.

ಅವಳ ತಲೆ ಸವರಿದೆ. ಹೊರಗೆ ಬಂದಾಗ ಗ್ರಂಥಪಾಲಕರು ಬೀಗದ ಕೈ ಹುಡುಕುತ್ತಿದ್ದರು. "ದೂರು ಕೊಡೋರೇ ಹೂಂ ಅಂತ ಕೂತ್ರೆ ನಾನೇನ್ ಮಾಡ್ಲಿ ಮೇಡಂ" ಎಂದರು. ಅಂದಿನಿಂದ ನಮ್ಮಲ್ಲಿ ಹೂಂ ಅನ್ನಲು ಅಡ್ಡಿಯಿಲ್ಲ. ಆಚೆಯವರಿಗೆ ಬಿಡುವು ಬೇಕೆನಿಸುವ ಹೊತ್ತು ಯಾವುದೆಂದು ಅವರನ್ನೇ ಕೇಳಿ ಸಮಯ ಬದಲಿಸಿಕೊಂಡೆವು. ಮೊದಲೇ ಕೇಳಬಹುದಿತ್ತು, ಯಾರಿಗೂ ಹೊಳೆದಿರಲಿಲ್ಲ.

ಬುಧವಾರ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ತಿಳಿಯಿತು, ಗಾಯವೂ ಚೆನ್ನಾಗಿ ಮಾಯಿತು. ದನಿ ಮಾತ್ರ ಬರಲಿಲ್ಲ. ಬಂದದ್ದು ಗಾಳಿ. ತೂತು ಬಿದ್ದ ಪೀಪಿಯಲ್ಲಿ ಊದಿದ ಹಾಗೆ ಮಾತಿನ ಜೊತೆ ಸುಯ್ ಎನ್ನುವ ಸದ್ದು. ದಿನ ಹೋದಂತೆ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಎಂದರಂತೆ ಡಾಕ್ಟರು. ಆಕೆ ಮತ್ತೆ ರೊಟ್ಟಿ ಬಡಿಯಲು ಕೂತಳು. ಸಂಜೆ ನನ್ನ ಅಡುಗೆಮನೆಯಲ್ಲಿ ನಿಂತು ನಾನು 'ಅಕ್ಕಾರ' ಎನ್ನುವ ಕೂಗಿಗೆ ಕಾಯುತ್ತಿದ್ದೆ. ರೊಟ್ಟಿ ಬಡಿಯುವ ಸದ್ದಷ್ಟೇ ಕೇಳುತ್ತಿತ್ತು. ಆ ದಿನಗಳಲ್ಲಿ ನನಗೆ ಊಟ ರುಚಿಸುತ್ತಿರಲಿಲ್ಲ, ಮನೆಯವರ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದೆ.

ರೆಕಾರ್ಡಿಂಗನ್ನು ಆಕೆಯ ಫೋನಿಗೂ ಮಗಳ ಫೋನಿಗೂ ಆಗಲೇ ಕಳಿಸಿದ್ದೆ. ಹುಬ್ಬಳ್ಳಿಯಲ್ಲಿ ಹೆಣ್ಣುಕೂಸು ಹುಟ್ಟಿದ ಸುದ್ದಿ ಬಂತು. ತೊಟ್ಟಿಲಿನ ಪಕ್ಕ ಮಗಳು ಅದನ್ನು ಹಾಕುತ್ತಾಳೆ ಎಂಬುದೂ ಗೊತ್ತಾಯಿತು. ರೊಟ್ಟಿಯಾಕೆ ಮಾತ್ರ ಇನ್ನೂ ಕೇಳಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಬಾಯಿ ನನ್ನ ಕಿವಿಗೆ ತಂದು ಹೇಳಿದಳು.

"ಒಬ್ಬಾಕೀನ ಕೇಳಾಕ ಧೈರ್ಯ ಸಾಲವಲ್ತ್ರಿ ಅಕ್ಕಾರ. ಎಲ್ಲಾರೂ ಇದ್ದಾಗ ಹಚ್ಚರಿ."

ಮುಂದಿನ ಕಥೆಯ ಶನಿವಾರ ಹಚ್ಚಿದೆವು. ಚಾಚಾ ಅಂಗಡಿಯಿಂದ ಒಂದು ಸ್ಪೀಕರ್ ತಂದರು. ಮಾಕಳಿಯ ಹುಡುಗಿ ಪುಸ್ತಕ ಮುಚ್ಚಿಟ್ಟು ಈಚೆಗೆ ಬಂದು ಗೋಡೆಗೆ ಒರಗಿ ನಿಂತಳು. ಅವಳ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ರೊಟ್ಟಿಯಾಕೆ ಮುಂದಿನ ಸಾಲಿನಲ್ಲಿ, ಅಂದು ತಾನು ನೋಡುತ್ತಿದ್ದ ಮುಖಗಳ ನಡುವೆ ಕೂತಳು. ನಾನು ಫೋನ್ ಒತ್ತಿದೆ. ಆಕೆಗೆ ಇದನ್ನು ಕೇಳಿಸುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿರಲಿಲ್ಲ.

"ಒಂದೂರಾಗ ಒಬ್ಬಾಕಿ ಮುದುಕಿ ಇದ್ಲು."

ಆ ದನಿ ಹಾಲ್ ಪೂರ್ತಿ ತುಂಬಿತು. ಬೀದಿಯ ಆ ತುದಿಯಿಂದ ಈ ತುದಿಗೆ ಬರುತ್ತಿದ್ದ ದನಿ. ಆಕೆ ತಲೆ ತಗ್ಗಿಸಿ ಕೇಳುತ್ತಿದ್ದಳು. ಎಮ್ಮೆ ಬಂತು, ಗೌಡನ ಕನಸು ಬಂತು. ಹೂಂ ಅನ್ನಲು ಈಗ ಯಾರ ಅಡ್ಡಿಯೂ ಇರಲಿಲ್ಲ, ಆದರೂ ನಮಗ್ಯಾರಿಗೂ ಬಾಯಿ ಬರಲಿಲ್ಲ. ಎಲ್ಲರೂ ಆಕೆಯನ್ನೇ ನೋಡುತ್ತಿದ್ದೆವು. ಸ್ಪೀಕರಿನಲ್ಲಿ ದನಿ ತಗ್ಗುತ್ತಾ ಬಂದು, ನಿಂತು, ಹೆದರಿ ಕೇಳಿತು.

"ಯಾಕ್ರಿ, ನನ್ನ ದನಿ ಕೇಳಾಕತ್ತೈತೇನ್ರಿ?"

ಅಂದು ನಾವೆಲ್ಲ ಗೋಣು ಹಾಕುತ್ತಾ ಕೂತಿದ್ದ ಹೊತ್ತು ರೆಕಾರ್ಡಿಂಗಿನಲ್ಲಿ ಖಾಲಿಯಾಗಿ ಓಡುತ್ತಿತ್ತು. ಆಕೆ ತಲೆಯೆತ್ತಿದಳು. ಕುತ್ತಿಗೆಯ ಗಾಯದ ಗೆರೆಯ ಮೇಲೆ ಬೆರಳಿಟ್ಟುಕೊಂಡು, ಸ್ಪೀಕರಿನ ಕಡೆ ನೋಡುತ್ತಾ, ಗಾಳಿಯೇ ಹೆಚ್ಚಿದ್ದ ಹೊಸ ದನಿಯಲ್ಲಿ ಉತ್ತರ ಕೊಟ್ಟಳು.

"ಹೂಂ."

ಅದರ ಹಿಂದೆಯೇ ಸ್ಪೀಕರಿನಿಂದ ಮಾಕಳಿಯ ಹುಡುಗಿಯ ಊಂ ಬಂತು, ಕಥೆ ಮುಂದೆ ಹೋಯಿತು.